ಹೊಳೆ ಬಿಸಿಯಾದಾಗ ಮೀನಿಗೇನಾಗುತ್ತದೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ ಶಾಲೆಯ ಬಯಲು ರಂಗಮಂದಿರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)

ಸಮಿತಿಯವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಇಂಜಿನಿಯರು, ಆ ವಿಷಯವೇ ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗುತ್ತೆ" ಅಂದರು. "ನಾನು ಹೊಳೆ ಮೀನಿನ ವಿಷಯ ಮಾತಾಡುತ್ತೇನೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಕೊನೆಗೆ, "ಸರಿ, ಆದರೆ ಊಟದ ಹೊತ್ತಿಗೆ ಮುಗಿಸು" ಅಂದರು. ಮುಗಿಸುತ್ತೇನೆ.

ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ನಾವು ಒಂಬತ್ತನೇ ತರಗತಿ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಹಳೇ ಸೇತುವೆಯ ಕೆಳಗಿನ ಮಡುವಿನಲ್ಲಿ ಮೀನು ಸತ್ತು ತೇಲಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಎರಡು ದಿನ ನಾತ ಶಾಲೆಯವರೆಗೂ ಬರುತ್ತಿತ್ತು. ಯಾರೋ ಮದ್ದು ಹಾಕಿದ್ದಾರೆ ಎಂದು ಊರೆಲ್ಲ ಮಾತಾಯಿತು. ಆ ಮಡುವಿನಲ್ಲಿ ಬಲೆ ಬೀಸುತ್ತಿದ್ದವರು ಒಬ್ಬರೇ, ನನ್ನ ಸಹಪಾಠಿಯ ತಂದೆ. ಅನುಮಾನ ಅವರ ಮೇಲೆ ಬಂತು. ಅರಳಿಕಟ್ಟೆಯಲ್ಲಿ ಕೂರಿಸಿ ಕೇಳಿದರು. "ನನ್ನ ಅನ್ನಕ್ಕೆ ನಾನೇ ಮದ್ದು ಹಾಕಿಕೊಳ್ಳುತ್ತೇನಾ?" ಎಂದು ಅವರು ಒಂದೇ ಮಾತು ಹೇಳಿದರು. ಯಾರೂ ದಂಡ ಹಾಕಲಿಲ್ಲ, ಆದರೆ ಯಾರೂ ನಂಬಲೂ ಇಲ್ಲ. ಮುಂದಿನ ವರ್ಷ ಅವರು ಬಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದರು. ಸಹಪಾಠಿ ಹತ್ತನೇ ತರಗತಿಗೆ ಬರಲಿಲ್ಲ.

ಆ ಮೀನುಗಳು ಯಾಕೆ ಸತ್ತವು ಎಂಬುದು ನಮಗೆ ಇಂದಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಆ ದಿನ ನಮ್ಮ ಹತ್ತಿರ ಏನೂ ಇರಲಿಲ್ಲ. ನೀರು ಎಷ್ಟು ಬಿಸಿಯಾಗಿತ್ತು, ಎಷ್ಟು ಇಳಿದಿತ್ತು, ಮೀನಿನ ಮೈಮೇಲೆ ಏನಿತ್ತು, ಇದನ್ನೆಲ್ಲ ಯಾರೂ ನೋಡಿ ಬರೆದಿಟ್ಟಿರಲಿಲ್ಲ. ನಾನು ಇಂದು ಹೇಳುವ ಕಥೆಗಳು ದೂರದ ದೇಶದವು. ಆದರೆ ಹೇಳುವಾಗ ನನ್ನ ಕಣ್ಣ ಮುಂದಿರುವುದು ನಮ್ಮ ಮಡುವೇ.

ಮೊದಲು ಅಮೆರಿಕದ ಮೊಂಟಾನಾ ರಾಜ್ಯಕ್ಕೆ ಹೋಗೋಣ. ಅಲ್ಲಿ ಯೆಲ್ಲೋಸ್ಟೋನ್ ಎಂಬ ನದಿ ಇದೆ. ಬೆಟ್ಟದ ಹಿಮ ಕರಗಿ ಹರಿಯುವ ತಣ್ಣೀರಿನ ನದಿ. ಟ್ರೌಟ್ ಮೀನಿಗೆ ಗಾಳ ಹಾಕಲು ದೇಶ ವಿದೇಶಗಳಿಂದ ಜನ ಅಲ್ಲಿಗೆ ಬರುತ್ತಾರೆ. ದೋಣಿ ಬಾಡಿಗೆ ಕೊಡುವವರು, ದಾರಿ ತೋರಿಸುವವರು, ಗಾಳದ ಅಂಗಡಿಯವರು, ಹೋಟೆಲಿನವರು ಎಲ್ಲರ ಬದುಕೂ ಆ ನದಿಯನ್ನು ನಂಬಿಕೊಂಡಿದೆ.

2016ರ ಆಗಸ್ಟ್ ತಿಂಗಳು ಅಲ್ಲಿ ಮೀನು ಸಾಯತೊಡಗಿತು. ಸತ್ತದ್ದು ಹೆಚ್ಚಾಗಿ ಮೌಂಟನ್ ವೈಟ್‌ಫಿಶ್ ಎಂಬ ಬೆಳ್ಳಿ ಬಣ್ಣದ ಮೀನು. ಅದು ಆ ನದಿಯದೇ ಮೂಲ ತಳಿ. ಟ್ರೌಟ್ ಹುಡುಕಿ ಬಂದವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಗಾಳಕ್ಕೆ ಸಿಕ್ಕರೆ ಬೇಸರಪಡುತ್ತಾರೆ. ಅಂಥ ಮೀನು ಸಾವಿರಗಟ್ಟಲೆ ದಡಕ್ಕೆ ಬಂದು ಬಿತ್ತು. ಎಣಿಸಲು ಸಿಕ್ಕಿದ್ದು ಕೆಲವು ಸಾವಿರ. ತಳಕ್ಕಿಳಿದವು, ಹದ್ದು ಹಕ್ಕಿಗಳ ಪಾಲಾದವು ಎಲ್ಲ ಸೇರಿ ಹತ್ತಾರು ಸಾವಿರ ಸತ್ತಿರಬೇಕೆಂದು ಅಧಿಕಾರಿಗಳು ಅಂದಾಜು ಮಾಡಿದರು.

ಆಗಸ್ಟ್ 19ರಂದು ಮೊಂಟಾನಾ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆ ಒಂದು ಗಟ್ಟಿ ನಿರ್ಧಾರ ತೆಗೆದುಕೊಂಡಿತು. ನದಿಯ 183 ಮೈಲಿ, ಎಂದರೆ ಸುಮಾರು 295 ಕಿಲೋಮೀಟರ್ ಉದ್ದಕ್ಕೆ, ಅದನ್ನು ಸೇರುವ ಉಪನದಿಗಳೂ ಸೇರಿ, ಯಾರೂ ನೀರಿಗಿಳಿಯುವಂತಿಲ್ಲ ಎಂದು ಆದೇಶ ಮಾಡಿತು. ಗಾಳ ಇಲ್ಲ, ದೋಣಿ ಇಲ್ಲ, ಈಜು ಇಲ್ಲ. ಅದೂ ವ್ಯಾಪಾರ ಜೋರಾಗಿರುವ ಹಂಗಾಮಿನಲ್ಲಿ. ನಮ್ಮಲ್ಲಿ ಜಾತ್ರೆಯ ವಾರ ಅಂಗಡಿ ಬೀದಿಯನ್ನೇ ಮುಚ್ಚಿಸಿದಂತೆ. ನೀರು ತಣ್ಣಗಾದ ಮೇಲೆ ಸೆಪ್ಟೆಂಬರಿನಲ್ಲಿ ಹಂತಹಂತವಾಗಿ ತೆರೆದರು.

ಮೀನು ಕೊಯ್ದು ನೋಡಿದಾಗ ಮೂತ್ರಪಿಂಡ ಊದಿತ್ತು. ಕಾರಣ ಒಂದು ಪರಾವಲಂಬಿ ಜೀವಿ. ಹೆಸರು ಟೆಟ್ರಾಕ್ಯಾಪ್ಸುಲಾಯ್ಡಿಸ್ ಬ್ರಯೋಸಾಲ್ಮೋನೆ. ಮಕ್ಕಳೇ, ಹೆಸರು ಬಾಯಿಪಾಠ ಮಾಡಬೇಡಿ, ಪರೀಕ್ಷೆಗೆ ಬರುವುದಿಲ್ಲ. ಅದು ಬದುಕುವ ರೀತಿ ಮಾತ್ರ ತಿಳಿದುಕೊಳ್ಳಿ.

ನಮ್ಮ ಮಾವಿನ ಮರದ ಮೇಲೆ ಬಂದಳಿಕೆ ಬೆಳೆಯುವುದನ್ನು ನೋಡಿದ್ದೀರಿ. ಅದರ ಬೇರು ನೆಲಕ್ಕಿಳಿಯುವುದಿಲ್ಲ, ಮರದ ಕೊಂಬೆಯೊಳಗೆ ಇಳಿಯುತ್ತದೆ. ದನದ ಮೈಮೇಲಿನ ಉಣ್ಣೆಯೂ ಹಾಗೆಯೇ. ಇನ್ನೊಂದು ಜೀವದ ಮೇಲೆ ಬದುಕುವ ಇಂಥವನ್ನೇ ಪರಾವಲಂಬಿ ಎನ್ನುವುದು. ಮೊಂಟಾನಾದ ಈ ಜೀವಿಗೆ ಒಂದಲ್ಲ, ಎರಡು ಮನೆ ಬೇಕು. ಮೊದಲನೆಯದು ಬ್ರಯೋಜೋವ ಎಂಬ ಪುಟ್ಟ ನೀರು ಪ್ರಾಣಿಗಳ ಗುಂಪು. ಕಲ್ಲಿಗೋ ಮುಳುಗಿದ ಬೇರಿಗೋ ಅಂಟಿಕೊಂಡು ಬೆಳೆಯುವ ಇದನ್ನು ನೋಡಿದರೆ ಪಾಚಿಯೆಂದೇ ಅಂದುಕೊಳ್ಳಬೇಕು. ಅದರ ಒಡಲೊಳಗೆ ಪರಾವಲಂಬಿ ಬೆಳೆದು ಬೀಜಾಣುಗಳನ್ನು ನೀರಿಗೆ ಬಿಡುತ್ತದೆ. ಅವು ಮೀನಿನ ಕಿವಿರಿನ ಮೂಲಕ, ಚರ್ಮದ ಮೂಲಕ ಒಳಹೊಕ್ಕು ಮೂತ್ರಪಿಂಡಕ್ಕೆ ಹೋಗಿ ನೆಲೆಸುತ್ತವೆ. ಅಲ್ಲಿ ಬೆಳೆದು ಮೂತ್ರದ ಜೊತೆ ಮತ್ತೆ ನೀರಿಗೆ ಬಂದು ಮತ್ತೊಂದು ಬ್ರಯೋಜೋವವನ್ನು ಹುಡುಕಿಕೊಳ್ಳುತ್ತವೆ. ಇನ್ನೊಂದು ಸೋಜಿಗವೆಂದರೆ, ಕಣ್ಣಿಗೆ ಕಾಣದ ಈ ಜೀವಿ ಸಮುದ್ರದ ಅಂಬಲಿ ಮೀನಿನ, ಎಂದರೆ ಜೆಲ್ಲಿಫಿಶ್‌ನ ದೂರದ ಸಂಬಂಧಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಪರಾವಲಂಬಿ ಮೀನಿನೊಳಗೆ ಹೊಕ್ಕ ಮಾತ್ರಕ್ಕೆ ಮೀನು ಸಾಯುವುದಿಲ್ಲ. ತಣ್ಣೀರಿನಲ್ಲಿ ಮೀನಿನ ಮೈ ಅದನ್ನು ತಡೆದುಕೊಳ್ಳುತ್ತದೆ. ಎಷ್ಟೋ ಮೀನು ಸೋಂಕು ತಗಲಿಯೂ ವಾಸಿಯಾಗುತ್ತವೆ, ಆಮೇಲೆ ಅವಕ್ಕೆ ತಕ್ಕಮಟ್ಟಿನ ರಕ್ಷಣೆಯೂ ಇರುತ್ತದೆ. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ವಾರ ಹಾಗೇ ನಿಂತರೆ ತಕ್ಕಡಿ ವಾಲುತ್ತದೆ. ನಮಗೆ 15 ಡಿಗ್ರಿ ಎಂದರೆ ಮಾಗಿಯ ಚಳಿ. ಆ ಮೀನಿಗೆ ಅದೇ ಬೇಸಿಗೆಯ ಗಡಿ.

ಬಿಸಿ ಹೆಚ್ಚಿದಾಗ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಒಂದು, ಬ್ರಯೋಜೋವ ಚೆನ್ನಾಗಿ ಬೆಳೆದು ಹೆಚ್ಚು ಬೀಜಾಣು ಬಿಡುತ್ತದೆ. ಎರಡು, ಮೀನಿನೊಳಗೆ ಪರಾವಲಂಬಿ ಬೇಗ ಬೇಗ ಹೆಚ್ಚುತ್ತದೆ, ಅದನ್ನು ಎದುರಿಸಲು ಹೋದ ಮೂತ್ರಪಿಂಡವೇ ಊದಿಕೊಂಡು ಕೆಲಸ ನಿಲ್ಲಿಸುತ್ತದೆ. ಮೂರನೆಯದು ಉಸಿರಿನ ಪೆಟ್ಟು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 20 ಡಿಗ್ರಿಯಲ್ಲಿ ಸುಮಾರು 9, 30 ಡಿಗ್ರಿಯಲ್ಲಿ ಏಳೂವರೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಮೀನು ಶೀತರಕ್ತ ಪ್ರಾಣಿ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ನೀರಿನ ಉಷ್ಣತೆಯೇ ಅದರ ಮೈಯ ಉಷ್ಣತೆ. ನಮಗೆ ಸೆಖೆಯಾದರೆ ನೆರಳಿಗೆ ಹೋಗುತ್ತೇವೆ. ಮೀನೂ ಆಳದ ಮಡು, ಒರತೆಯ ತಂಪು ಹುಡುಕುತ್ತದೆ. ಹೊಳೆಯೇ ಇಳಿದು ತೆಳ್ಳಗಾದಾಗ ಎಲ್ಲಿಗೆ ಹೋಗಬೇಕು?

2016ರಲ್ಲಿ ಯೆಲ್ಲೋಸ್ಟೋನ್‌ನಲ್ಲಿ ಆದದ್ದು ಇದೇ. ನದಿಯ ಹರಿವು ಆ ಋತುವಿಗೆ ತೀರ ಕಡಿಮೆಯಿತ್ತು, ನೀರು ಬೆಚ್ಚಗಿತ್ತು, ಪರಾವಲಂಬಿ ಅಲ್ಲಿತ್ತು. ಮೂರೂ ಒಂದೇ ಹೊತ್ತಿಗೆ ಸೇರಿದವು. ಆಮೇಲೆ ವಿಜ್ಞಾನಿಗಳು ರಾಜ್ಯದ ಬೇರೆ ನದಿಗಳಲ್ಲಿ ಹುಡುಕಿದರು. ಈ ಜೀವಿ ಹಲವು ಕಡೆ ಸಿಕ್ಕಿತು, ಆದರೆ ಅಲ್ಲೆಲ್ಲ ಹೀಗೆ ಮೀನು ರಾಶಿ ರಾಶಿ ಸತ್ತಿರಲಿಲ್ಲ. ಹಾಗಾದರೆ ಕೊಂದದ್ದು ಯಾರು? ಪರಾವಲಂಬಿಯೊಂದೇ ಅಲ್ಲ, ಬಿಸಿಯೊಂದೇ ಅಲ್ಲ, ನೀರಿನ ಕೊರತೆಯೊಂದೇ ಅಲ್ಲ. ಬಂದಳಿಕೆ ಹಿಡಿದ ಮರ ಒಳ್ಳೆಯ ಮಳೆಗಾಲಗಳಲ್ಲಿ ಹತ್ತಾರು ವರ್ಷ ಬಾಳುತ್ತದೆ. ಬರ ಬಂದ ವರ್ಷ ಮೊದಲು ಒಣಗುವುದು ಅದೇ. ಹವಾಮಾನ ಬದಲಾವಣೆ ಎಂದು ನಾವು ಕೇಳುತ್ತೇವಲ್ಲ, ಅದು ಹೊಸ ರೋಗವನ್ನೇ ಹೊತ್ತು ತರಬೇಕೆಂದಿಲ್ಲ. ಹಿಂದಿನಿಂದ ಇದ್ದ ರೋಗಕ್ಕೆ ಒಂದೆರಡು ಡಿಗ್ರಿ ಬಲ ಕೊಟ್ಟರೂ ಸಾಕು.

ಎರಡನೆಯ ಕಥೆ ಕ್ಲಾಮತ್ ನದಿಯದು. ಇದು ಒರೆಗಾನ್ ರಾಜ್ಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುತ್ತದೆ. ಸಾಲ್ಮನ್ ಮೀನು ಸಮುದ್ರದಿಂದ ಈ ನದಿಗೆ ಹತ್ತಿ ಬಂದು ಮೊಟ್ಟೆಯಿಡುತ್ತದೆ. ನದಿಯ ಕೆಳಭಾಗದಲ್ಲಿ ಯುರೋಕ್ ಎಂಬ ಮೂಲನಿವಾಸಿ ಜನ ಇದ್ದಾರೆ. ಅವರಿಗೆ ಸಾಲ್ಮನ್ ಊಟವೂ ಹೌದು, ಹಬ್ಬವೂ ಹೌದು.

ಈ ಕಥೆ ನಮ್ಮ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನದಿಯ ಮೇಲ್ಭಾಗದಲ್ಲಿ ನೀರಾವರಿ ಕಾಲುವೆಗಳಿವೆ. 2001ರಲ್ಲಿ ಬರ ಬಂತು. ಮೀನು ಉಳಿಸಬೇಕೆಂದು ಕಾಲುವೆಗೆ ನೀರು ನಿಲ್ಲಿಸಿದರು. ಬೆಳೆ ಒಣಗಿತು, ರೈತರು ಕಾಲುವೆ ಬಾಗಿಲಿಗೆ ಬಂದು ಚಳವಳಿ ಮಾಡಿದರು. ಮರುವರ್ಷ ರೈತರಿಗೆ ನೀರು ಬಿಟ್ಟರು, ನದಿಗೆ ಕಡಿಮೆಯಾಯಿತು. 2002ರ ಸೆಪ್ಟೆಂಬರಿನಲ್ಲಿ ಸಾಲ್ಮನ್ ದೊಡ್ಡ ಸಂಖ್ಯೆಯಲ್ಲಿ ಸಮುದ್ರದಿಂದ ಬಂತು. ನದಿ ತೆಳ್ಳಗಿತ್ತು, ಬೆಚ್ಚಗಿತ್ತು. ಮೀನೆಲ್ಲ ಸಿಕ್ಕ ಮಡುಗಳಲ್ಲಿ ಒತ್ತೊತ್ತಾಗಿ ನಿಂತವು. ಕೆಲವೇ ದಿನಗಳಲ್ಲಿ ಕಡಿಮೆಯೆಂದರೂ 34 ಸಾವಿರ ಮೀನು ಸತ್ತವು. ಮೊಟ್ಟೆಯಿಡಲು ಬಂದಿದ್ದ ದೊಡ್ಡ ಮೀನುಗಳು ಅವು. ಬಿತ್ತನೆಗೆ ಇಟ್ಟ ಬೀಜಕ್ಕೇ ಹುಳ ಬಿದ್ದ ಹಾಗಾಯಿತು.

ಇಲ್ಲಿನ ಪರಾವಲಂಬಿ ಬೇರೆ. ಅದನ್ನು ಚುಟುಕಾಗಿ ಇಕ್ ಎನ್ನುತ್ತಾರೆ. ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದವರಿಗೆ ಗೊತ್ತಿರುತ್ತದೆ. ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಬರುತ್ತದೆ, ಅದೇ ಇದು. ಚುಕ್ಕೆಯೊಳಗಿನ ಜೀವಿ ಬಲಿತು ಮೀನಿನಿಂದ ಉದುರಿ ತಳಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಒಡೆದು ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಒಂದೆರಡು ದಿನದೊಳಗೆ ಮತ್ತೊಂದು ಮೀನು ಹುಡುಕಿಕೊಳ್ಳಬೇಕು, ಇಲ್ಲವಾದರೆ ಸಾಯುತ್ತವೆ. ಹರಿಯುವ ನೀರಿನಲ್ಲಿ, ದೂರ ದೂರ ಇರುವ ಮೀನನ್ನು ಹುಡುಕುವುದು ಕಷ್ಟ. ನಿಂತ ನೀರಿನಲ್ಲಿ, ಮೈಗೆ ಮೈ ತಾಗಿಸಿ ನಿಂತ ಮೀನು ಸುಲಭದ ತುತ್ತು. ಇದರ ಜೊತೆಗೆ ಕಿವಿರು ಕೊಳೆಸುವ ಒಂದು ಬ್ಯಾಕ್ಟೀರಿಯಾ ಕೂಡ ಸೇರಿಕೊಂಡಿತ್ತು.

ಉಷ್ಣತೆಯ ಲೆಕ್ಕ ಇಲ್ಲಿಯೂ ಇದೆ. ನೀರು 7 ಡಿಗ್ರಿ ಇದ್ದರೆ ಇಕ್‌ನ ಒಂದು ಸುತ್ತು ಮುಗಿಯಲು ತಿಂಗಳಿಗಿಂತ ಹೆಚ್ಚು ಬೇಕು. 24–25 ಡಿಗ್ರಿಯಲ್ಲಿ ಒಂದು ವಾರವೂ ಬೇಡ. ಒಂದು ನೂರಾಗುವುದು, ನೂರು ಹತ್ತು ಸಾವಿರವಾಗುವುದು ತಿಂಗಳುಗಳ ಮಾತಲ್ಲ, ದಿನಗಳ ಮಾತು. ಚಕ್ರಬಡ್ಡಿಯ ಲೆಕ್ಕ ಕಲಿತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಂಥ ಶುಭದಿನ ಇದನ್ನು ಹೇಳುತ್ತಿರಲಿಲ್ಲ. 2002ರ ಸಾವಿನ ನಂತರ ಯುರೋಕ್ ಜನ ಮತ್ತು ಅಲ್ಲಿನ ಇಲಾಖೆಗಳವರು ಮೀನಿನ ಆರೋಗ್ಯ ನೋಡುವುದನ್ನು ಒಂದು ನಿತ್ಯದ ಕೆಲಸ ಮಾಡಿಕೊಂಡರು. ಹಂಗಾಮಿನಲ್ಲಿ ಮೀನು ಹಿಡಿದು ಕಿವಿರು ತೆರೆದು ಚುಕ್ಕೆ ಎಣಿಸುವುದು, ನೀರಿನ ಉಷ್ಣತೆ, ಹರಿವು ಬರೆದಿಡುವುದು. 2014ರಲ್ಲಿ ಮತ್ತೆ ಬರ. ಸೆಪ್ಟೆಂಬರಿನಲ್ಲಿ ಕಿವಿರಿನ ಮೇಲೆ ಇಕ್ ಕಾಣಿಸಿತು. ತಕ್ಷಣ ಸುದ್ದಿ ಮುಟ್ಟಿಸಿದರು. ಕ್ಲಾಮತ್‌ನ ಉಪನದಿಯಾದ ಟ್ರಿನಿಟಿಯ ಅಣೆಕಟ್ಟಿನಿಂದ ತಣ್ಣೀರನ್ನು ಹೆಚ್ಚಿಗೆ ಬಿಡಿಸಿದರು. ಹರಿವು ಏರಿತು, ನೀರು ತಂಪಾಯಿತು, ಒತ್ತಿ ನಿಂತಿದ್ದ ಮೀನು ಚದುರಿ ಮೇಲಕ್ಕೆ ಹೋದವು. ರೋಗ ಇತ್ತು, ಆದರೆ 2002ರಂಥ ಮಾರಣಹೋಮ ಆಗಲಿಲ್ಲ. ಅದೇ ನದಿ, ಅದೇ ಪರಾವಲಂಬಿ. ಈ ಸಲ ನೋಡುವವರು ಇದ್ದರು, ಬರೆದಿಡುವವರು ಇದ್ದರು.

ಕ್ಲಾಮತ್‌ನಲ್ಲಿ ಇನ್ನೊಂದು ಪರಾವಲಂಬಿಯೂ ಇದೆ. ಅದಕ್ಕೆ ಮೀನಿನ ಜೊತೆ ಒಂದು ಪುಟ್ಟ ಹುಳವೂ ಆಸರೆ ಬೇಕು. ಅಣೆಕಟ್ಟುಗಳ ಕೆಳಗೆ ಏರಿಳಿತವಿಲ್ಲದೆ ಒಂದೇ ಸಮ ಹರಿಯುವ ನೀರಿನಲ್ಲಿ ಆ ಹುಳ ಹುಲುಸಾಗಿ ಬೆಳೆಯುತ್ತಿತ್ತು, ಸಾಲ್ಮನ್ ಮರಿಗಳು ಸಾಯುತ್ತಿದ್ದವು. ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಒಡೆದು ತೆಗೆದರು. ಅದಕ್ಕೆ ಕಾರಣಗಳು ಹಲವು, ಮೀನಿನ ರೋಗವೂ ಅವುಗಳಲ್ಲೊಂದು. ಅದೇ ಶರತ್ಕಾಲದಲ್ಲಿ ಸಾಲ್ಮನ್ ಮೀನು ಅಣೆಕಟ್ಟುಗಳಿದ್ದ ಜಾಗ ದಾಟಿ ಮೇಲಕ್ಕೆ ಹೋಯಿತು. ನಮ್ಮ ಅಣೆಕಟ್ಟು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ, ನಮ್ಮ ಗದ್ದೆಯ ನೀರೂ ಅಲ್ಲಿಂದಲೇ ಬರುವುದು. ಹೊಳೆಗೆ ತನ್ನ ಏರಿಳಿತವೂ ಆರೋಗ್ಯಕ್ಕೆ ಬೇಕು ಎನ್ನುವುದಷ್ಟನ್ನು ನೆನಪಿಟ್ಟುಕೊಳ್ಳೋಣ.

ಮೂರನೆಯ ಕಥೆ ಚಿಕ್ಕದು. ಸ್ವಿಟ್ಜರ್ಲೆಂಡಿನಲ್ಲಿ 1980ರ ದಶಕದ ನಂತರ ಗಾಳಕ್ಕೆ ಸಿಗುವ ಕಂದು ಟ್ರೌಟ್ ಸುಮಾರು ಅರ್ಧಕ್ಕೆ ಇಳಿಯಿತು. ಯಾಕೆಂದು ತಿಳಿಯಲು 1998ರಿಂದ ಐದು ವರ್ಷ ದೊಡ್ಡ ಅಧ್ಯಯನ ಮಾಡಿದರು. ಒಬ್ಬ ಅಪರಾಧಿ ಸಿಗಲಿಲ್ಲ. ಕೆಟ್ಟ ನದಿಪಾತ್ರ, ಮಲಿನ ನೀರು, ಜೊತೆಗೆ ನಾನು ಮೊದಲು ಹೇಳಿದ ಅದೇ ಮೂತ್ರಪಿಂಡದ ರೋಗ, ಎಲ್ಲವೂ ಸೇರಿದ್ದವು. ನದಿಗಳು ಬೆಚ್ಚಗಾದದ್ದು ಆ ರೋಗಕ್ಕೆ ಅನುಕೂಲವಾಗಿತ್ತು. ಹಾಗೆಂದು ಅವರು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ದಶಕಗಳಿಂದ ನದಿ ನೀರಿನ ಉಷ್ಣತೆ ಬರೆದಿಟ್ಟುಕೊಂಡು ಬಂದಿದ್ದರಿಂದ. ಬರೆದವರಲ್ಲಿ ಯಾರಿಗೂ ಮುಂದೆ ಅದು ಟ್ರೌಟ್ ಮೀನಿನ ಪ್ರಶ್ನೆಗೆ ಉತ್ತರ ಕೊಡುತ್ತದೆಂದು ಗೊತ್ತಿದ್ದಿರಲಾರದು.

ಈಗ ನಮ್ಮ ಊರಿಗೆ ಬರೋಣ. ತಪ್ಪು ತಿಳಿಯಬಾರದು. ಮೊಂಟಾನಾದ ಆ ಮೂತ್ರಪಿಂಡದ ರೋಗ ಸಾಲ್ಮನ್, ಟ್ರೌಟ್ ಕುಲದ ತಣ್ಣೀರಿನ ಮೀನುಗಳದು. ಅದು ನಮ್ಮ ಹೊಳೆಗೆ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಅದು ಮನುಷ್ಯರಿಗೆ ಅಂಟುವ ರೋಗವೂ ಅಲ್ಲ. ನಾಳೆ ಸಂತೆಯಲ್ಲಿ ಮೀನು ಕೊಳ್ಳುವುದನ್ನು ಬಿಡಬೇಡಿ. ಬಿಟ್ಟರೆ ಮೀನು ಮಾರುವ ಅಕ್ಕಂದಿರು ನನ್ನನ್ನು ಊರಿಗೆ ಸೇರಿಸುವುದಿಲ್ಲ.

ನಮ್ಮ ಮೀನುಗಳಿಗೆ ನಮ್ಮವೇ ರೋಗಗಳಿವೆ. ಕೆರೆ, ಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುವವರು ಮೀನು ಹೇನು ನೋಡಿರುತ್ತೀರಿ. ಚಪ್ಪಟೆಯಾಗಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಮೈಗೆ ಅಂಟಿ ರಕ್ತ ಹೀರುತ್ತದೆ. ಮೀನು ತುರಿಕೆ ತಾಳದೆ ಕಲ್ಲಿಗೆ ಮೈ ಉಜ್ಜುತ್ತದೆ. ಇದರ ಮೊಟ್ಟೆಯೂ ಬೆಚ್ಚಗಿನ ನೀರಿನಲ್ಲಿ ಬೇಗ ಒಡೆಯುತ್ತದೆ.

ಹಾಗೆಂದು ಎಲ್ಲ ರೋಗವೂ ಬಿಸಿಯಿಂದಲೇ ಹೆಚ್ಚುತ್ತದೆ ಎಂದುಕೊಂಡರೆ ಅದೂ ತಪ್ಪು. ಹಿರಿಯರಿಗೆ ಕೊರವ ಮೀನಿನ ಮೈಮೇಲೆ ಕೆಂಪು ಹುಣ್ಣು ಬಂದ ಕಾಲ ನೆನಪಿರಬಹುದು. ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ಅದು ಬೂಷ್ಟಿನಂಥ ಒಂದು ಜೀವಿಯಿಂದ ಬರುವ ಹುಣ್ಣು ರೋಗ. 1988ರಲ್ಲಿ ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಬಂತು. ಅದು ಜೋರಾಗುವುದು ಮಳೆಗಾಲ ಮುಗಿದು ನೀರು ತಣ್ಣಗಾಗುವ ಹೊತ್ತಿನಲ್ಲಿ. ಒಂದು ರೋಗಕ್ಕೆ ಬಿಸಿ ಬೇಕು, ಇನ್ನೊಂದಕ್ಕೆ ತಂಪು ಬೇಕು. ಅಂದಾಜಿನ ಮೇಲೆ ಮಾತಾಡಿದರೆ ನಡೆಯುವುದಿಲ್ಲ, ಅಳತೆ ಬೇಕು ಎನ್ನುವುದು ಇದಕ್ಕೇ.

ನನ್ನ ಕಸುಬಿನಲ್ಲಿ ಒಂದು ರೂಢಿ ಇದೆ. ರಾತ್ರಿ ಎರಡು ಗಂಟೆಗೆ ಯಾವುದೋ ಯಂತ್ರ ನಿಂತಿತು ಎಂದು ಫೋನ್ ಬಂದರೆ ನಾವು ಮೊದಲು ಕೇಳುವುದು, "ಲಾಗ್ ಎಲ್ಲಿ?" ಎಂದು. ಲಾಗ್ ಎಂದರೆ ದಿನಚರಿ. ಯಂತ್ರ ಪ್ರತಿ ನಿಮಿಷ ತನ್ನ ಸ್ಥಿತಿಯನ್ನು ಬರೆದಿಡುತ್ತಾ ಹೋಗುವ ಪುಸ್ತಕ. ಅದಿದ್ದರೆ ಕೆಡುಕು ಎಲ್ಲಿ ಶುರುವಾಯಿತೆಂದು ಹಿಂದೆ ಹಿಂದೆ ಹೋಗಿ ಹುಡುಕಬಹುದು. ಅದಿಲ್ಲದಿದ್ದರೆ ಏನಾಗುತ್ತದೆ ಗೊತ್ತೇ? ಆ ರಾತ್ರಿ ಪಾಳಿಯಲ್ಲಿದ್ದ ಹುಡುಗನ ಮೇಲೆ ತಪ್ಪು ಬರುತ್ತದೆ. ಒಮ್ಮೆ ಹಾಗಾದದ್ದನ್ನು ಕಣ್ಣಾರೆ ನೋಡಿದೆ. ಆ ಹುಡುಗ ತಲೆ ತಗ್ಗಿಸಿ ನಿಂತಾಗ ನನಗೆ ಅರಳಿಕಟ್ಟೆಯ ಮೇಲೆ ಕೂತಿದ್ದ ನನ್ನ ಸಹಪಾಠಿಯ ತಂದೆ ನೆನಪಾದರು. ಈ ಭಾಷಣದ ವಿಷಯ ಅಂದೇ ನಿಶ್ಚಯವಾಯಿತು ಅನ್ನಬಹುದು.

ನಮ್ಮ ಶಾಲೆಗೆ 50 ವರ್ಷ ತುಂಬಿದೆ. ಈ 50 ವರ್ಷಗಳ ಹಾಜರಿ ಪುಸ್ತಕ ಕಚೇರಿಯ ಬೀರುವಿನಲ್ಲಿದೆ. ನಾನು ಯಾವ ದಿನ ಚಕ್ಕರ್ ಹೊಡೆದೆ ಎಂಬುದೂ ಅದರಲ್ಲಿದೆ, ನಿನ್ನೆ ತೆಗೆದು ನೋಡಿ ನಾಚಿಕೆಪಟ್ಟೆ. ಆದರೆ ಶಾಲೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿರುವ ಹೊಳೆಯ ಹಾಜರಿ ಯಾರೂ ತೆಗೆದುಕೊಂಡಿಲ್ಲ. 50 ವರ್ಷ ಹಿಂದೆ ಏಪ್ರಿಲ್ ತಿಂಗಳಲ್ಲಿ ನಮ್ಮ ಮಡುವಿನ ನೀರು ಎಷ್ಟು ಡಿಗ್ರಿ ಇತ್ತು? ಹೇಳುವವರಿಲ್ಲ. ಹೊಳೆ ನಿಜಕ್ಕೂ ಬಿಸಿಯಾಗಿದೆಯೇ, ಎಷ್ಟು ಬಿಸಿಯಾಗಿದೆ? ನಮ್ಮ ಹತ್ತಿರ ಉತ್ತರವಿಲ್ಲ.

ಆದ್ದರಿಂದ ನಮ್ಮ ತಂಡದ ಸಹಪಾಠಿಗಳು ಸೇರಿ ಶಾಲೆಗೆ ಒಂದು ಸಣ್ಣ ಕಾಣಿಕೆ ತಂದಿದ್ದೇವೆ. ನಾಲ್ಕು ಉಷ್ಣತಾಮಾಪಕ, ಹಗ್ಗ ಕಟ್ಟಿದ ಎರಡು ಬಕೆಟ್ಟು, ಗಟ್ಟಿ ರಟ್ಟಿನ ಹತ್ತು ಲೆಡ್ಜರ್ ಪುಸ್ತಕ. ದೊಡ್ಡ ಖರ್ಚಲ್ಲ. ಕೆಲಸವೂ ದೊಡ್ಡದಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಸೇತುವೆ ಮೇಲೆ ನಿಂತು ಬಕೆಟ್ಟು ಇಳಿಸಿ ನೀರು ಸೇದಬೇಕು. ಮಕ್ಕಳು ನೀರಿಗೆ ಇಳಿಯಬಾರದು, ಶಿಕ್ಷಕರೊಬ್ಬರು ಜೊತೆಗಿರಬೇಕು, ಹೊಳೆ ತುಂಬಿ ಬಂದ ದಿನ ರಜೆ. ಬಕೆಟ್ಟನ್ನು ನೆರಳಲ್ಲಿಟ್ಟು, ಮಾಪಕವನ್ನು ಮುಳುಗಿಸಿ, ಪಾದರಸವೋ ಬಣ್ಣದ ದ್ರವವೋ ನಿಂತ ಮೇಲೆ ನೀರಿನಲ್ಲಿರುವಾಗಲೇ ಓದಬೇಕು. ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಅಡಿ ಗುರುತು ಹಾಕಿಸಿದರೆ ನೀರಿನ ಮಟ್ಟವೂ ಸಿಗುತ್ತದೆ. ತಾರೀಖು, ಹೊತ್ತು, ಉಷ್ಣತೆ, ಮಟ್ಟ, ಬರೆದವರ ಹೆಸರು. ಕೊನೆಯ ಕಾಲಂನಲ್ಲಿ ಕಂಡದ್ದು: ಮೀನು ಬಾಯಿ ತೆರೆದು ಮೇಲೆ ಉಸಿರಾಡುತ್ತಿತ್ತೇ, ಕಲ್ಲಿಗೆ ಮೈ ಉಜ್ಜುತ್ತಿತ್ತೇ, ಚುಕ್ಕೆ, ಹುಣ್ಣು ಇತ್ತೇ, ನೀರಿನ ಬಣ್ಣ ಬದಲಾಗಿತ್ತೇ. ಏನೂ ಇರದಿದ್ದರೆ "ಏನೂ ಇಲ್ಲ" ಎಂದೇ ಬರೆಯಿರಿ. ಅದೂ ಮುಖ್ಯವಾದ ಸಂಗತಿ.

ಮತ್ತೆ ಎಂದಾದರೂ ಮೀನು ಸತ್ತು ತೇಲಿದರೆ, ಮೊದಲು ಅಳತೆ, ಆಮೇಲೆ ಮಾತು. ಫೋಟೋ ತೆಗೆಯಿರಿ, ಉಷ್ಣತೆ ಬರೆಯಿರಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಅಂದೇ ತಿಳಿಸಿ. ಕೊಳೆತ ಮೀನಿನಿಂದ ಏನೂ ತಿಳಿಯುವುದಿಲ್ಲ. ಜೀವ ಹೋಗುತ್ತಿರುವ ಮೀನು, ಈಗಷ್ಟೇ ಸತ್ತ ಮೀನು ಸಿಕ್ಕರೆ ಐಸಿನಲ್ಲಿಟ್ಟು ಕೊಡಿ. ಸತ್ತ ಮೀನು ತಿನ್ನಬೇಡಿ, ಮಾರಬೇಡಿ.

ದೊಡ್ಡವರು ಮಾಡಬಹುದಾದದ್ದೂ ಇದೆ. ಇಡೀ ಭೂಮಿಯ ಬಿಸಿಯನ್ನು ನಮ್ಮೂರೊಂದೇ ಇಳಿಸಲಾಗದು. ಆದರೆ ಹೊಳೆ ದಡದ ಹೊಂಗೆ, ನೇರಳೆ, ಹೊಳೆಮತ್ತಿ ಕಡಿಯದೆ ಬಿಟ್ಟರೆ ನೀರಿನ ಮೇಲೆ ನೆರಳು ಉಳಿಯುತ್ತದೆ. ಮರಳು ಬಗೆದು ಮಡು ಕೆಡಿಸದಿದ್ದರೆ ಬೇಸಿಗೆಯಲ್ಲಿ ಮೀನಿಗೆ ತಂಪಿನ ಜಾಗ ಉಳಿಯುತ್ತದೆ. ಕಡು ಬೇಸಿಗೆಯ ತಿಂಗಳು ಆ ಒಂದು ಮಡುವಿಗೆ ಪಂಪು ಇಡದೆ ಬಿಡಬಹುದೇ ಎಂದು ರೈತ ಬಂಧುಗಳು ಕೂತು ಯೋಚಿಸಬಹುದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಮಡುವನ್ನೇ ಕಾಯ್ದುಕೊಂಡು ಬಂದ ನಾಡು ನಮ್ಮದು. ಒಂದು ಹೊಂಡದ ಬಲೆಯನ್ನು ಇನ್ನೊಂದಕ್ಕೆ ಒಯ್ಯುವ ಮುಂಚೆ ಬಿಸಿಲಿಗೆ ಒಣಗಿಸುವುದು ನಮ್ಮ ಬೆಸ್ತರ ಹಳೆಯ ಪದ್ಧತಿ. ಮೊಂಟಾನಾದಲ್ಲಿ ಇಂದು ದೋಣಿ, ಬೂಟುಗಳನ್ನು ತೊಳೆದು ಒಣಗಿಸಿ ಎಂದು ಬೋರ್ಡು ಹಾಕಿ ಹೇಳುತ್ತಿರುವುದೂ ಅದನ್ನೇ. ಗಾಜಿನ ತೊಟ್ಟಿಯ ಬಣ್ಣದ ಮೀನು ಬೇಸರವಾಯಿತೆಂದು ಹೊಳೆಗೆ ಬಿಡಬೇಡಿ, ಅದರ ಜೊತೆ ಅದರ ಪರಾವಲಂಬಿಯೂ ಹೋಗುತ್ತದೆ.

ನನ್ನ ಮಾತು ಮುಗಿಯಿತು, ಊಟದ ಗಂಟೆಗೆ ಇನ್ನೂ ಐದು ನಿಮಿಷ ಇದೆ. ನನ್ನ ಸಹಪಾಠಿಯ ತಂದೆ ಈಗಿಲ್ಲ. ಸಹಪಾಠಿ ಇಂದು ಬಂದಿದ್ದಾನೆ, ಕೊನೆಯ ಸಾಲಿನಲ್ಲಿ ಕೂತಿದ್ದಾನೆ. ಇದನ್ನೆಲ್ಲ ಹೇಳಬಹುದೇ ಎಂದು ಅವನನ್ನು ಕೇಳಿಯೇ ಹೇಳಿದ್ದೇನೆ. ನಿನ್ನೆ ಸಂಜೆ ಅವನೂ ನಾನೂ ಸೇತುವೆಗೆ ಹೋಗಿ ಬಕೆಟ್ಟು ಇಳಿಸಿ ನೋಡಿದೆವು. ಐದೂವರೆ ಗಂಟೆಗೆ ನೀರು 26 ಡಿಗ್ರಿ ಇತ್ತು. ಮೊದಲ ಲೆಡ್ಜರಿನ ಮೊದಲ ಸಾಲಿನಲ್ಲಿ ಅವನೇ ತನ್ನ ಕೈಯಿಂದ ಅದನ್ನು ಬರೆದು, ಕೊನೆಯ ಕಾಲಂನಲ್ಲಿ "ಗೆಂಡೆ ಮರಿ ಆಡುತ್ತಿವೆ, ಬೇರೆ ಏನೂ ಇಲ್ಲ" ಎಂದು ಬರೆದಿದ್ದಾನೆ. ಎರಡನೆಯ ಸಾಲು ಖಾಲಿ ಇದೆ. ಸೋಮವಾರದಿಂದ ಮಕ್ಕಳು ಬರೆಯಬೇಕು.